ಗಡಿಗೆಯಾಟದ ರಾಗ ಮತ್ತು ಒಂದು ಕಿವಿ

ನನ್ನ ಕೈಯಿಂದ ಒಬ್ಬ ಮನುಷ್ಯನ ಎಡಗಿವಿ ಹೋಗಿದೆ. ಜಗಳ ಶುರುವಾದದ್ದು ಫೋನಿನ ಆಟವೊಂದರ ಸಂಗೀತಕ್ಕೆ ಅಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ.

ಆಟದಲ್ಲಿ ಒಂದು ಗಡಿಗೆ, ಅದಕ್ಕೆ ಎರಡು ಸಣಕಲು ಕಾಲು. ಗೋಡೆಯಿಂದ ಗೋಡೆಗೆ ಹಾರಿಸುತ್ತಾ ಹೋಗಬೇಕು. ತಪ್ಪಿ ಬಿದ್ದರೆ ಗಡಿಗೆ ಒಡೆದು, ಒಳಗಿನಿಂದ ಕಪ್ಪೆಗಳು ಬೈದುಕೊಳ್ಳುತ್ತಾ ಹೊರಬರುತ್ತವೆ. ತಲೆಕೆಟ್ಟವರು ಮಾಡಿದ ಆಟ, ನನ್ನಂಥ ತಲೆಕೆಟ್ಟವರಿಗೇ ಇಷ್ಟ. ಮೂರು ಭಾಗ ಬಂದಿದ್ದವು. ನನಗೆ ಎರಡನೆಯದರ ಸಂಗೀತವೆಂದರೆ ಪ್ರಾಣ. ಉಡುತಡಿಯ ನಮ್ಮ ಮನೆಯಲ್ಲಿ ಕುರಿ ಮೇಯಿಸುವವಳು ನಾನೇ. ದಿನಾ ಸಂಜೆ ಜೋಳದ ನುಚ್ಚು ಹಾಕುವಾಗ ಆ ರಾಗವನ್ನೇ ಸಿಳ್ಳೆ ಹೊಡೆಯುತ್ತಿದ್ದೆ. ಆರು ತಿಂಗಳಲ್ಲಿ ಆ ರಾಗ ಕಿವಿಗೆ ಬಿದ್ದರೆ ಸಾಕು, ಇಡೀ ಹಿಂಡು ಮೇವು ಬಿಟ್ಟು ಓಡಿ ಬರುತ್ತಿತ್ತು.

ಅಪ್ಪನಿಗೆ ಇದು ಸೇರಲಿಲ್ಲ. "ಕುರಿನ ಎದುರಿಗೆ ನಿಂತು ಕರೀಬ್ಯಾಡ. ಹಿಂದಿದ್ದು ಹೊಡ್ಕಂಡು ಬರ್ಬೇಕು. ಕರೆದ್ರೆ ಅವು ದಾರಿ ನೋಡಂಗಿಲ್ಲ" ಅಂದ. ನಮ್ಮಲ್ಲಿ ಕುರಿಯವರೆಲ್ಲ ಹಾಗೇ ಮಾಡುವುದು. ನಾನು ಕೇಳಲಿಲ್ಲ. ಹಿಂಡು ಓಡಿ ಬರುವುದನ್ನು ವಿಡಿಯೋ ಮಾಡಿ ಆಟದ ಅಭಿಮಾನಿಗಳ ಗುಂಪಿಗೆ ಹಾಕಿದೆ. ಎಲ್ಲರೂ ಕುಣಿದಾಡಿದರು, ಒಬ್ಬನನ್ನು ಬಿಟ್ಟು.

"ಇದೊಂದು ಸಂಗೀತನಾ? ಡಬ್ಬ ಬಡಿದಂಗಿದೆ ಮಾರಾಯ್ರೆ. ಮೂರನೇದು ಕೇಳಿ" ಅಂತ ಬರೆದ. ಹಲ್ಲು ಉದುರಿಸ್ತೀನಿ ಅಂದೆ. "ಬನ್ನಿ, ಮೂವತ್ತೆರಡೂ ಇದಾವೆ" ಅಂದ. ಗುಂಪು ಎರಡು ಪಾಲಾಯಿತು. ಮೂರನೆಯದನ್ನು ಹೊಗಳಿದವರ ಕೈಕಾಲು ಮುರಿಯುವ ಮಾತು ತಿಂಗಳುಗಟ್ಟಲೆ ನಡೆಯಿತು, ಅದರಲ್ಲಿ ಮುಂದಾಳು ನಾನೇ. ಆಮೇಲೆ ತಿಳಿಯಿತು, ಆಸಾಮಿ ಇರುವುದು ಪಕ್ಕದ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ, ಗದ್ದೆ ಮಾಡಿಕೊಂಡು. ಧೈರ್ಯವಿದ್ದರೆ ಬಾ ಅಂದೆ. ಬಂದೇಬಿಟ್ಟ.

ಅವತ್ತು ಕುರಿಗಳು ಬಂದಳಿಕೆ ಹತ್ತಿರ ಟಾರು ರಸ್ತೆಯಾಚೆ ಕೊಯ್ಲಾದ ಹೊಲದಲ್ಲಿದ್ದವು. ನಾನು ಈಚೆ ಮರದ ಕೆಳಗೆ ಕೂತಿದ್ದೆ. ಅವನು ಬೈಕ್ ನಿಲ್ಲಿಸಿ, ಚೀಲದಿಂದ ದೊಡ್ಡ ಸ್ಪೀಕರ್ ತೆಗೆದು, "ಸೋತೆ ಮಾರಾಯ್ರೆ, ನಿಮ್ದೇ ಚಂದ" ಅಂತ ನಕ್ಕು ಎರಡನೆಯದರ ಸಂಗೀತ ಹಾಕಿದ. ನನ್ನ ರಾಗವನ್ನು ಅಷ್ಟು ಜೋರಾಗಿ ನಾನು ಯಾವತ್ತೂ ಕೇಳಿರಲಿಲ್ಲ. ಹಿಗ್ಗಿಹೋದೆ. ನಿಲ್ಲಿಸು ಅನ್ನಬೇಕೆಂದು ಹೊಳೆಯಲೇ ಇಲ್ಲ.

ಹಿಂಡು ತಲೆಯೆತ್ತಿತು. ಒಂದೇ ಉಸಿರಿಗೆ ರಸ್ತೆಗೆ ನುಗ್ಗಿತು. ವೇಗವಾಗಿ ಬಂದ ಲಾರಿಯೊಂದು ಹಿಂಡಿನ ಮಧ್ಯದಲ್ಲೇ ಹಾದುಹೋಯಿತು. ಮೂಳೆ ಮುರಿಯುವ ಸದ್ದು ಸಂಗೀತಕ್ಕಿಂತ ಜೋರಾಗಿ ಕೇಳಿತು. ಸೊಂಟ ಮುರಿದ ಒಂದು ಕುರಿ ಮುಂಗಾಲಲ್ಲೇ ತೆವಳುತ್ತಾ ಇನ್ನೂ ಸ್ಪೀಕರಿನ ಕಡೆಗೇ ಬರುತ್ತಿತ್ತು.

ನಾನು ಕೋಲು ತಗೊಂಡು ಅವನ ಕಿವಿಯ ಮೇಲೆ ಬಾರಿಸಿದೆ. ಬಿದ್ದ. ಬಿದ್ದವನಿಗೂ ಅಲ್ಲಿಗೇ ಮತ್ತೆರಡು ಹಾಕಿದೆ, ಒದ್ದೆ. ಅವನು ಕೈ ಅಡ್ಡ ತರಲಿಲ್ಲ. ಮೂರು ಕುರಿ ಸಾಯದೆ ಒದ್ದಾಡುತ್ತಿದ್ದವು. "ಏಳು, ಕಾಲು ಹಿಡಿ" ಅಂತ ಕಿರುಚಿದೆ. ಕುತ್ತಿಗೆವರೆಗೆ ರಕ್ತ ಸುರಿಸಿಕೊಂಡೇ ಹಿಡಿದ. ಕುಡುಗೋಲಿನಿಂದ ಒಂದೊಂದಾಗಿ ಮೂರರ ಕತ್ತನ್ನೂ ಕೊಯ್ದೆ.

ಶಿಕಾರಿಪುರದಲ್ಲಿ ಡಾಕ್ಟರಿಗೆ ತೋರಿಸಿದೆವು. ಬೈಕಿಂದ ಬಿದ್ದೆ ಅಂದ. ನಾನು ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಕಿವಿಯ ಒಳಗೆಲ್ಲ ಹಾಳಾಗಿದೆ, ಇನ್ನು ಕೇಳಿಸುವುದಿಲ್ಲ ಅಂದರು. ನನಗೆ ನಾಚಿಕೆಯಾಯಿತು.

ಒಂದು ವರ್ಷ ಮಾತಿಲ್ಲ. ಈಚೆಗೆ ನಾಲ್ಕನೇ ಭಾಗ ಬಂತು. ಇಯರ್‌ಫೋನ್ ಹಾಕಿದರೆ ಎರಡು ಕಿವಿಗೂ ಬೇರೆಬೇರೆ ಸಂಗೀತ. ಅದು ಬಂದ ದಿನವೇ ಅವನ ಮೆಸೇಜು: "ಬಲಗಡೆದು ಕೇಳಿದೆ. ಎಡಗಡೆ ಎಂತ ಬರ್ತದೆ, ಹೇಳ್ತೀರಾ?"

ಎಡಗಿವಿಗೆ ಮಾತ್ರ ಸಿಕ್ಕಿಸಿಕೊಂಡು ಕೂತೆ. ಅಳು ತಡೆಯಲಾಗಲಿಲ್ಲ. ಕೊನೆಗೆ ಬರೆದೆ: "ತಪ್ಪು ನಿಮ್ದಲ್ಲರೀ. ಕುರಿಗೆ ಹಂಗೆ ಓಡಿ ಬರೋದು ಕಲಿಸಿದ್ದು ನಾನು. ಅದು ಗೊತ್ತಿದ್ದೇ ನಿಮಗೆ ಹೊಡೆದೆ."

ತಕ್ಷಣ ಉತ್ತರ ಬಂತು: "ಅದು ನಂಗೆ ಅವತ್ತೇ ಗೊತ್ತಾಯ್ತು. ಎಡಗಡೆ ಎಂತ ಬರ್ತದೆ, ಅದು ಹೇಳಿ."