ಟೈಪಿಂಗ್ ಮೇಡಂ ಆರಿಸಿದ ತಂತ್ರಾಂಶ

ಲ್ಯಾಪ್‌ಟಾಪ್ ಕೊಂಡ ಮಾತ್ರಕ್ಕೆ ಅದರಲ್ಲಿ ಬರೆಯುವ ತಂತ್ರಾಂಶ ನಿಮ್ಮದಾಗುವುದಿಲ್ಲ. ಎಷ್ಟೋ ಯಂತ್ರಗಳಲ್ಲಿ ಅದನ್ನು ಒಂದು ತಿಂಗಳು ರುಚಿ ನೋಡಲಿಕ್ಕೆ ಇಟ್ಟಿರುತ್ತಾರೆ, ಅಷ್ಟೆ. ತಿಂಗಳು ಮುಗಿಯಿತೋ, ನೀವೇ ಬರೆದ ಪುಟವನ್ನು ನೀವು ಓದಬಹುದು, ತಿದ್ದುವಂತಿಲ್ಲ. ಇದು ಅಂಗಡಿಯವನಿಗೆ ಗೊತ್ತು, ಕಾಲೇಜಿಗೂ ಗೊತ್ತು. ಗೊತ್ತಿಲ್ಲದಿರುವುದು ದುಡ್ಡು ಕೊಟ್ಟವರಿಗೆ ಮಾತ್ರ.

ಟೈಪಿಂಗ್ ಮೇಡಂಗೂ ಗೊತ್ತಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮಹಡಿ ಮೆಟ್ಟಿಲ ಕೆಳಗಿನ ಒಂದೂವರೆ ಕೋಣೆಯಲ್ಲಿ ಕೂತು ಆಕೆ ಮೂವತ್ತೊಂದು ವರ್ಷದಿಂದ ಊರಿನವರ ಅರ್ಜಿ, ಕರಾರು, ದೂರುಗಳನ್ನು ಟೈಪ್ ಮಾಡಿಕೊಡುತ್ತಿದ್ದಾರೆ. ಮೊದಲು ಅಲ್ಲಿ ಆರು ಟೈಪ್‌ರೈಟರ್ ಇದ್ದವು. ಕಲಿಯಲು ಬಂದ ಹುಡುಗಿಯರು ಬೆಳಗ್ಗೆ ಆರಕ್ಕೇ ಬೀದಿಯನ್ನೆಲ್ಲ ಎಬ್ಬಿಸುತ್ತಿದ್ದರು. ಈಗ ಇರುವುದು ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದರೆ, ಪುರುಸೊತ್ತಾಗಲಿಲ್ಲ ಎನ್ನುತ್ತಾರೆ. ಕೇಳಿದವರು ಎರಡನೇ ಸಲ ಕೇಳುವುದಿಲ್ಲ. ಒಬ್ಬ ತಮ್ಮನಿದ್ದಾನೆ, ಬಸ್ ಡ್ರೈವರ್. ಅವನ ಮಗಳನ್ನು ಒಂಬತ್ತನೇ ವಯಸ್ಸಿಗೇ, ಕೈಯಲ್ಲಿ ಸ್ಕೇಲು ಹಿಡಿದು, ಕೀಲಿಮಣೆಯ ಮುಂದೆ ಕೂರಿಸಿದ್ದು ಇದೇ ಅತ್ತೆ.

ಆ ಹುಡುಗಿ ಈಗ ಕಾಲೇಜಿನ ಕೊನೆಯ ವರ್ಷ. ಅರವತ್ತು ಮನೆ ಸುತ್ತಿ, ಯಾವ ಮನೆಯಲ್ಲಿ ಎಷ್ಟು ನೀರು ಖರ್ಚಾಗುತ್ತದೆ ಎಂದು ಕೇಳಿ, ಇಪ್ಪತ್ತೆರಡು ಕೋಷ್ಟಕಗಳ ವರದಿ ಬರೆದಿದ್ದಳು. ಅದನ್ನು ಶುಕ್ರವಾರ ನಾಲ್ಕು ಗಂಟೆಯೊಳಗೆ ಒಪ್ಪಿಸದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಇನ್ನು ಒಂಬತ್ತು ದಿನ ಇದೆ ಎನ್ನುವಾಗ ಅಪ್ಪ ಕೊಡಿಸಿದ ಹೊಸ ಲ್ಯಾಪ್‌ಟಾಪಿನ ಪರದೆಯ ನೆತ್ತಿಯ ಮೇಲೆ ಕೆಂಪು ಪಟ್ಟಿಯೊಂದು ಬಂದು ಕೂತಿತು: ಅವಧಿ ಮುಗಿದಿದೆ.

ಅತ್ತೆ ಲ್ಯಾಪ್‌ಟಾಪನ್ನು ಬಗಲಲ್ಲಿಟ್ಟುಕೊಂಡು ಅದನ್ನು ಮಾರಿದ ಅಂಗಡಿಗೇ ಹೋದರು. ಅಂಗಡಿಯವನು ಎರಡು ದಾರಿ ತೋರಿಸಿದ. ಒಂದು, ವರ್ಷಾ ವರ್ಷ ಚಂದಾ ಕಟ್ಟುವುದು. ಇನ್ನೊಂದನ್ನು ದನಿ ತಗ್ಗಿಸಿ ಹೇಳಿದ: ಬೀಗ ಮುರಿದ ಪ್ರತಿ ತನ್ನ ಹತ್ತಿರ ಇದೆ, ಹತ್ತು ನಿಮಿಷದ ಕೆಲಸ, ಎಲ್ಲರೂ ಹಾಕಿಸಿಕೊಳ್ಳುವುದು ಅದನ್ನೇ. ಅಂಥದ್ದೇ ಒಂದು ಪ್ರತಿ ಹಿಂದೊಮ್ಮೆ ಮೇಡಂ ಅಂಗಡಿಯ ಕಂಪ್ಯೂಟರಿಗೆ ವೈರಸ್ ತಂದು, ಗಿರಾಕಿಗಳ ಪೆನ್ ಡ್ರೈವ್‌ಗಳಿಗೆಲ್ಲ ಅಂಟಿಸಿ, ತಿಂಗಳುಗಟ್ಟಲೆ ಬೈಸಿತ್ತು.

"ಓದೋ ಹುಡುಗಿಗೆ ಮೊದಲನೇ ಪಾಠಾನೇ ಕಳ್ಳಮಾಲಾ?" ಎಂದಷ್ಟೇ ಹೇಳಿ ಮೆಟ್ಟಿಲಿಳಿದರು.

ಆಮೇಲೆ ಮೇಡಂ ಮಾಡಿದ್ದನ್ನು ಲ್ಯಾಪ್‌ಟಾಪ್ ಕೊಳ್ಳುವ ಪ್ರತಿ ಮನೆಯೂ ಮಾಡಬೇಕು. ಹಾಳಾದ ಜೆರಾಕ್ಸ್ ಹಾಳೆಯ ಬೆನ್ನಿಗೆ, ಈ ಹುಡುಗಿಗೆ ನಿಜಕ್ಕೂ ಏನೇನು ಬೇಕು ಎಂದು ಬರೆದರು. ಕಾಗದ ಬರೆಯಬೇಕು, ಕೋಷ್ಟಕ ಹಾಕಬೇಕು, ಅಂಕಿ ಕೂಡಬೇಕು, ಅಡಿಟಿಪ್ಪಣಿ ಕೊಡಬೇಕು, ಪಿಡಿಎಫ್ ತೆಗೆಯಬೇಕು. ನಕ್ಷತ್ರ ಹಾರಿಸುವ ಸ್ಲೈಡು, ಇಂಟರ್ನೆಟ್ಟಿನ ಆ ಕ್ಲೌಡು, ಈ ಕ್ಲೌಡು, ಯಾವುದೂ ಬೇಡ. ದುಡ್ಡಿಲ್ಲದೆ ಸಿಗುವ ತಂತ್ರಾಂಶಗಳನ್ನು ತಂದು ಟೈಪಿಂಗ್ ಪರೀಕ್ಷೆಯ ಹಾಗೆ ಗಡಿಯಾರ ಇಟ್ಟು ಒಂದೊಂದನ್ನೂ ಓಡಿಸಿದರು. ಒಂದಕ್ಕೆ ಸದಾ ಇಂಟರ್ನೆಟ್ ಇರಬೇಕು. ತಮ್ಮನ ಮನೆಯಲ್ಲಿ ಸಿಗ್ನಲ್ ಸಿಗುವುದು ಬಚ್ಚಲಿನ ಕಿಟಕಿ ಹತ್ತಿರ ಮಾತ್ರ. ಅದು ಫೇಲು. ಕೊನೆಗೆ ಪಾಸಾಗಿದ್ದು ಲಿಬ್ರೆ ಆಫೀಸ್: ಉಚಿತ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಹಳೆಯ ಕಡತವನ್ನೂ ತೆರೆಯಿತು. ಕೋಷ್ಟಕದ ಅಂಕಿಗಳು ಅಲ್ಲಲ್ಲಿ ಒಂಚೂರು ಜರುಗಿದ್ದವು. ಅತ್ತೆಯೂ ಹುಡುಗಿಯೂ ಸೇರಿ ಸ್ಪೇಸ್ ಬಾರ್ ಒತ್ತಿ ಒತ್ತಿ ಎಲ್ಲವನ್ನೂ ಸಾಲಿಗೆ ತಂದರು.

ಮಂಗಳವಾರ ಹುಡುಗಿ ವರದಿಯನ್ನು ಪೆನ್ ಡ್ರೈವ್‌ನಲ್ಲಿ ಕಾಲೇಜಿಗೆ ಒಯ್ದಳು. ಅಲ್ಲಿಯ ಕಂಪ್ಯೂಟರಿನಲ್ಲಿ ತೆರೆದರೆ ಇಪ್ಪತ್ತೆರಡು ಕೋಷ್ಟಕವೂ ಚೆಲ್ಲಾಪಿಲ್ಲಿ. ಒಂದು ಮನೆಯ ನೀರು ಪಕ್ಕದ ಮನೆಯ ಲೆಕ್ಕದ ಕೆಳಗೆ ಹೋಗಿ ಕೂತಿತ್ತು. ಬಿಟ್ಟಿ ಸಾಫ್ಟ್‌ವೇರ್ ಹಾಕಿಕೊಂಡರೆ ಆಗುವುದೇ ಹೀಗೆ ಎಂದು ಮೇಷ್ಟ್ರು ತರಗತಿಯವರ ಮುಂದೆಯೇ ಅಂದರು. ಸರಿಯಾದದ್ದನ್ನು ಕೊಂಡು ಶುಕ್ರವಾರದೊಳಗೆ ಬಾ ಎಂದು ಕಳಿಸಿದರು. ಯಾಕೆ ಹೀಗಾಯಿತು ಎಂದು ಅವರು ನೋಡಲಿಲ್ಲ. ಬಡವರ ಮಕ್ಕಳು ತಂದ ವಸ್ತುವಿನಲ್ಲಿ ಐಬು ಕಂಡರೆ ಕಾರಣ ಹುಡುಕುವ ಅಭ್ಯಾಸವೇ ನಮ್ಮಲ್ಲಿ ಇಲ್ಲ.

ಹುಡುಗಿ ಮುಖ ಊದಿಸಿಕೊಂಡು ಬಂದಳು. ಡ್ಯೂಟಿ ಮುಗಿಸಿ ಬಂದ ತಮ್ಮ ಎಲ್ಲ ಕೇಳಿ, "ಸಾಕು ಬಿಡಕ್ಕ, ಚಂದಾನೇ ಕಟ್ಟಿಬಿಡೋಣ" ಎಂದ.

ಮೇಡಂ ವರದಿಯನ್ನು ತೆರೆದರು. ಕಾಣದ ಗುರುತುಗಳನ್ನು ಕಾಣಿಸುವ ಗುಂಡಿಯೊಂದು ಆ ತಂತ್ರಾಂಶದಲ್ಲಿದೆ. ಅದನ್ನು ಒತ್ತಿದರು. ಅಂಕಿಗಳ ನಡುವೆ ಖಾಲಿ ಇದ್ದ ಕಡೆಯೆಲ್ಲ ಇರುವೆ ಸಾಲಿನ ಹಾಗೆ ಚುಕ್ಕಿಗಳು ಎದ್ದವು. ಒಂದೊಂದು ಚುಕ್ಕಿಯೂ ಸ್ಪೇಸ್ ಬಾರಿನ ಒಂದೊಂದು ಏಟು. ಟೈಪ್‌ರೈಟರಿನಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ. ಏಟು ಎಣಿಸಿ ಒತ್ತಿದರೆ ಅಂಕಿಯ ಕೆಳಗೆ ಅಂಕಿ ನೆಟ್ಟಗೆ ಬಂದು ನಿಲ್ಲುತ್ತಿತ್ತು. ಕಂಪ್ಯೂಟರಿನಲ್ಲಿ ಹಾಗಲ್ಲ. ಒಂದು ಯಂತ್ರದಲ್ಲಿರುವ ಫಾಂಟ್ ಇನ್ನೊಂದರಲ್ಲಿ ಇರುವುದಿಲ್ಲ. ಆ ಯಂತ್ರ ತನ್ನಲ್ಲಿರುವ ತೆಳ್ಳಗಿನದನ್ನೋ ದಪ್ಪನೆಯದನ್ನೋ ಹಾಕಿಕೊಳ್ಳುತ್ತದೆ, ಎಣಿಕೆಯೆಲ್ಲ ತಪ್ಪುತ್ತದೆ. ಏಟು ಎಣಿಸುವುದನ್ನು ಹುಡುಗಿಗೆ ಕಲಿಸಿದ್ದು ಯಾರು? ದಿನಕ್ಕೆ ನಲವತ್ತು ಅರ್ಜಿಯನ್ನು ಒಂದೂ ತಪ್ಪಿಲ್ಲದೆ ಹೊಡೆದ ಈ ಕೈಗಳೇ.

"ತಪ್ಪು ಸಾಫ್ಟ್‌ವೇರಿಂದಲ್ಲ ಕಣೇ," ಎಂದರು ಮೇಡಂ. "ನಂದು. ದುಡ್ಡು ಕೊಟ್ಟು ತಂದಿದ್ರೂ ಹೀಗೇ ಆಗ್ತಿತ್ತು."

ಹುಡುಗಿ ಅತ್ತೆಯ ಮುಖವನ್ನೇ ನೋಡಿದಳು. "ಅತ್ತೆ, ಇದನ್ನ ಇನ್ನೊಂದ್ಸಲ ಹೇಳಿ, ರೆಕಾರ್ಡ್ ಮಾಡ್ಕೋತೀನಿ. ನೀವು ತಪ್ಪು ಒಪ್ಕೊಂಡ್ರಿ ಅಂದ್ರೆ ಬೀದಿಯಲ್ಲಿ ಯಾರೂ ನಂಬಲ್ಲ."

"ಬಾಯಿ ಮುಚ್ಕೊಂಡು ಟೇಬಲ್ ಹಾಕೋದು ಹೇಗೇಂತ ತೋರಿಸು."

ಬುಧವಾರ, ಗುರುವಾರ ಮಧ್ಯಾಹ್ನವೆಲ್ಲ ಅಂಗಡಿಯ ಬಾಗಿಲು ಅರ್ಧ ಹಾಕಿತ್ತು. ಕೋಷ್ಟಕಕ್ಕೆ ಮನೆ ಕಟ್ಟುವುದು, ಒಂದೊಂದು ಅಂಕಿಯನ್ನು ಅದರದರ ಕೋಣೆಯಲ್ಲಿ ಕೂರಿಸುವುದು ಹೇಗೆಂದು ಸಹಾಯದ ಪುಟಗಳನ್ನು ಓದಿ ಓದಿ ಹುಡುಗಿ ಹೇಳಿಕೊಟ್ಟಳು, ಅತ್ತೆ ಕಲಿತರು. ಐವತ್ತಾರು ವರ್ಷದ ಹೆಬ್ಬೆರಳು ತಾನಾಗಿ ಸ್ಪೇಸ್ ಬಾರಿಗೆ ಹೋದಾಗಲೆಲ್ಲ ಹುಡುಗಿ ಸ್ಕೇಲಿನಿಂದ ಮೆಲ್ಲಗೆ ತಟ್ಟುತ್ತಿದ್ದಳು. ಹದಿಮೂರು ವರ್ಷದ ಹಳೆಯ ಸೇಡು. ಎಲ್ಲ ಯಂತ್ರದಲ್ಲೂ ಸಿಗುವ ಫಾಂಟನ್ನೇ ಆರಿಸಿದರು, ಜೊತೆಗೊಂದು ಪಿಡಿಎಫ್ ತೆಗೆದಿಟ್ಟರು.

ಶುಕ್ರವಾರ ಎರಡೂವರೆಗೆ ಅದೇ ಕಾಲೇಜಿನ ಅದೇ ಕಂಪ್ಯೂಟರಿನಲ್ಲಿ ವರದಿ ತೆರೆಯಿತು. ಅಂಕಿಗಳು ಅಲ್ಲಾಡಲಿಲ್ಲ. ಯಾವುದನ್ನು ಕೊಂಡೆ ಎಂದು ಮೇಷ್ಟ್ರು ಕೇಳಿದರು.

"ಕೊಂಡಿಲ್ಲ ಸಾರ್. ಅದೇ ಬಿಟ್ಟಿದು," ಎಂದಳು ಹುಡುಗಿ.

ಅವರು ಪುಟ ತಿರುವಿ ತಿರುವಿ ನೋಡಿದರು, ಒಪ್ಪಿಸಿದವರ ಪಟ್ಟಿಯಲ್ಲಿ ಸಹಿ ಹಾಕಿದರು. ಆಮೇಲೆ, ಇದನ್ನು ಹೇಗೆ ಹಾಕಿಕೊಳ್ಳುವುದೆಂದು ಕೇಳಿ ತಮ್ಮ ಡೈರಿಯಲ್ಲಿ ಬರೆದುಕೊಂಡರು. ಅದಕ್ಕಾಗಿ ಅವರನ್ನು ಮೆಚ್ಚುತ್ತೇನೆ. ಆದರೆ ಮಂಗಳವಾರದ ಮಾತನ್ನು ಮರೆಯುವುದಿಲ್ಲ. ಮರುವಾರ ಅವರೇ ಕಳಿಸಿದ ಮೂವರು ವಿದ್ಯಾರ್ಥಿಗಳು ಇದನ್ನು ಕಲಿಯಲು ಮೆಟ್ಟಿಲ ಕೆಳಗಿನ ಕೋಣೆಗೆ ಬಂದರು. ಈಗ ಹದಿನೇಳು ಮಂದಿ ಬರುತ್ತಾರೆ.

ಹುಡುಗಿ ಪರೀಕ್ಷೆ ಬರೆಯುತ್ತಿದ್ದಾಳೆ. ಆದರೆ ಪ್ರತಿ ಹುಡುಗಿಗೂ ಇಂಥ ಅತ್ತೆ ಇರುವುದಿಲ್ಲ. ನೀವು ಪಾಠ ಹೇಳುವವರಾದರೆ ಕೇಳಿ: ನಾಳೆ ಮೊದಲನೇ ಪೀರಿಯಡ್ಡಿನಲ್ಲೇ, ಉಚಿತ ತಂತ್ರಾಂಶದಲ್ಲಿ ಬರೆದ ವರದಿಯನ್ನೂ ತೆಗೆದುಕೊಳ್ಳುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿ. ಹೇಳಿದ್ದನ್ನು ಬರೆದು ಸಹಿ ಹಾಕಿ, ಬಾಗಿಲಿಗೆ ಅಂಟಿಸಿ.