ಇಡೀ ಬಸ್ಸು ಹಾಡಿದ ಹಾಡು

ಎರಡು ತಿಂಗಳ ಹಿಂದೆ ಒಂದು ಭಾನುವಾರ ನಮ್ಮಕ್ಕ ನನ್ನ ಹೊಸ ಸ್ಪೀಕರನ್ನು ಬೀಸಿ ಹೊಡೆದಳು.

ಎಡಗೈಯಲ್ಲಿ. (ಬಲಗೈ ಏಳುವುದಿಲ್ಲ. ಸ್ಟ್ರೋಕ್ ಆಗಿ ಆಗಲೇ ಹತ್ತು ತಿಂಗಳಾಗಿತ್ತು.) ಸ್ಪೀಕರ್ ಮಂಚದಿಂದ ನೆಲಕ್ಕೆ ಬಿತ್ತು. ಬಿದ್ದರೂ ಹಾಡುತ್ತಲೇ ಇತ್ತು. ಹತ್ತು ತಿಂಗಳಿಂದ ಒಂದು ಮಾತೂ ಆಡದಿದ್ದ ಅಕ್ಕನ ಗಂಟಲಿನಿಂದ ಸದ್ದು ಬಂತು. ಅಳುವೋ ಕೂಗೋ ತಿಳಿಯಲಿಲ್ಲ.

ನನಗೆ ಅದೆಷ್ಟು ಖುಷಿಯಾಯಿತು ಅಂದರೆ, ಸ್ಪೀಕರ್ ಎತ್ತಿಟ್ಟು ಅದೇ ಹಾಡನ್ನು ಮೊದಲಿನಿಂದ ಮತ್ತೆ ಹಾಕಿದೆ.

ಹೌದು, ಮತ್ತೆ ಹಾಕಿದೆ. ಯಾಕೆ ಅಂತ ಹೇಳುತ್ತೇನೆ.

ಅಕ್ಕನ ಹೆಸರು ಗೌರಮ್ಮಣ್ಣಿ. ನನಗಿಂತ ಒಂದೂವರೆ ವರ್ಷ ದೊಡ್ಡವಳು. ಗುಂಡ್ಲುಪೇಟೆಯಲ್ಲಿ ಮನೆ. ಭಾವ ಮದ್ದೂರು ರೇಂಜಿನಲ್ಲಿ ಫಾರೆಸ್ಟ್ ವಾಚರ್ ಆಗಿದ್ದು ರಿಟೈರ್ ಆದವರು. ಸ್ಟ್ರೋಕ್ ಆದ ಮೇಲೆ ಅಕ್ಕನಿಗೆ ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ. ಅವಳಿಗೆ ಹೇಳಲು ಮಾತ್ರ ಆಗುವುದಿಲ್ಲ. ಮಾತು ಬಾಯಿಯ ತನಕ ಬಂದು ನಿಂತುಬಿಡುತ್ತದೆ.

ಮೈಸೂರಿನ ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಹುಡುಗಿಯೊಬ್ಬಳಿದ್ದಾಳೆ. ಅವಳು ಹೇಳಿದಳು: ‘ಸರ್, ಮಾತು ಹೋದವರಿಗೂ ಕೆಲವು ಸಲ ಹಾಡು ಉಳಿದಿರುತ್ತೆ. ಮೆದುಳಲ್ಲಿ ಮಾತಿನ ಜಾಗ ಬೇರೆ, ಹಾಡಿನ ಜಾಗ ಬೇರೆ. ಅವರು ಹದಿನೇಳು ಹದಿನೆಂಟು ವಯಸ್ಸಲ್ಲಿ ಇಷ್ಟಪಟ್ಟು ಕೇಳಿದ ಹಾಡು ಹಾಕಿ. ನಿಮ್ಮಕ್ಕಂಗೆ ಯಾವ ಹಾಡು ಇಷ್ಟ?’

ಈ ಪ್ರಶ್ನೆಯನ್ನು ಅವಳು ಯಾರಿಗೆ ಕೇಳಿದಳು ನೋಡಿ! ಈ ಅಂಕಣ ಓದುವ ನಿಮಗೆ ನನ್ನ ಹಾಡಿನ ಹುಚ್ಚು ಹೊಸದಲ್ಲ. ಪಿಯುಸಿಯಲ್ಲಿದ್ದಾಗ ರೇಡಿಯೊದಲ್ಲಿ ಯಾವ ಹಾಡಿಗೆ ಎಷ್ಟು ಕೋರಿಕೆ ಬಂತು ಅಂತ ಲೆಕ್ಕ ಹಿಡಿದು, ಪ್ರತಿ ವಾರ ನನ್ನದೇ ಟಾಪ್ ಟೆನ್ ಪಟ್ಟಿ ಮಾಡುತ್ತಿದ್ದವನು ನಾನು. ಈಗಲೂ ಚಾಮರಾಜನಗರದ ನಮ್ಮ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಯಾರಾದರೂ ಹಳೇ ಹಾಡಿನ ಒಂದು ಸಾಲು ಗುನುಗಿದರೆ ಸಾಕು, ಯಾವ ವರ್ಷ, ಯಾರ ಸಂಗೀತ, ಎಷ್ಟು ವಾರ ಓಡಿತು ಎಲ್ಲ ಹೇಳುತ್ತೇನೆ. ‘ಆ ಕಾಲದ ಹಾಡುಗಳೇ ಬೇರೆ ಸಾರ್’ ಅನ್ನುವ ಮಾತನ್ನು ದಿನಕ್ಕೆ ಮೂರು ಸಲವಾದರೂ ಆಡುತ್ತೇನೆ. ಮೂರು ವಾಟ್ಸಾಪ್ ಗ್ರೂಪುಗಳಿಗೆ ಅಡ್ಮಿನ್ ಬೇರೆ.

‘ಯಾವುದು ಇಷ್ಟ ಅಂತ ನಂಗೆ ಗೊತ್ತಿಲ್ದೆ ಇರುತ್ತೇನಮ್ಮ? ಎಲ್ಲಾ ನನ್ನ ಹತ್ರ ಇದೆ’ ಅಂದೆ.

ಪೆನ್ ಡ್ರೈವಿಗೆ ನೂರಿಪ್ಪತ್ತು ಹಾಡು ತುಂಬಿದೆ. ಹೊಸ ಸ್ಪೀಕರ್ ಕೊಂಡೆ. ಭಾನುವಾರ ಬೆಳಿಗ್ಗೆ ಗುಂಡ್ಲುಪೇಟೆಗೆ ಹೋಗಿ ಅಕ್ಕನ ತಲೆಯ ಹತ್ತಿರ ಇಟ್ಟು ಒಂದೊಂದೇ ಹಾಕಿದೆ. ಅಕ್ಕ ಸೂರು ನೋಡುತ್ತಾ ಮಲಗಿದ್ದಳು. ಹತ್ತು ಹಾಡಾದರೂ ಏನೂ ಇಲ್ಲ.

ಭಾವ ಬಾಗಿಲಲ್ಲಿ ನಿಂತು, ‘ಅವ್ಳು ಹಾಡೇ ಕೇಳ್ತಿರ್ನಿಲ್ಲ ಕಣಪ್ಪ’ ಅಂದರು.

‘ನೀವು ಕಾಡಲ್ಲಿದ್ದೋರು, ರೇಡಿಯೊ ಇಟ್ಕೊಳ್ಳೋ ಹಂಗಿರ್ಲಿಲ್ಲ. ಅದಕ್ಕೆ ಕೇಳ್ಳಿಲ್ಲ’ ಅಂದೆ.

‘ಇಲ್ಲ ಕಣಪ್ಪ. ಮದ್ವೆಯಾದ ವರ್ಸ್ವೇ ನಾ ಒಂದು ತಂದಿದ್ದೆ. ಅವ್ಳೇ ಬ್ಯಾಡ, ವಾಪಸ್ ಕೊಟ್ಬುಟ್ಟು ಬನ್ನಿ ಅಂದ್ಲು.’

ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹನ್ನೊಂದನೆಯದಾಗಿ ನನ್ನ ಬ್ರಹ್ಮಾಸ್ತ್ರ ಬಿಟ್ಟೆ. ನನ್ನ ಟಾಪ್ ಟೆನ್ ಪಟ್ಟಿಯಲ್ಲಿ ಇಡೀ ಒಂದು ವರ್ಷ ಒಂದನೇ ಸ್ಥಾನದಿಂದ ಇಳಿಯದ ಹಾಡು. (ಹೆಸರು ಬರೆಯುವುದಿಲ್ಲ. ಅದರ ತಪ್ಪೇನೂ ಇಲ್ಲ.) ಮೊದಲ ಸಾಲು ಮುಗಿಯುವ ಮುಂಚೆ ಅಕ್ಕನ ಎಡಗೈ ಬೀಸಿತು.

ಈಗ ಗೊತ್ತಾಯಿತಲ್ಲ, ನಾನು ಯಾಕೆ ಮತ್ತೆ ಹಾಕಿದೆ ಅಂತ. ನೆನಪು ಕೆಲಸ ಮಾಡಿತು, ಗೆದ್ದೆ ಅಂದುಕೊಂಡೆ. ಎರಡನೇ ಸಲ ಅಕ್ಕ ಕೈ ಎತ್ತಲಿಲ್ಲ. ಕಣ್ಣು ಮುಚ್ಚಿ ಮುಖವನ್ನು ದಿಂಬಿಗೆ ಒತ್ತಿಕೊಂಡಳು. ಭಾವ ಬಂದು ನನ್ನನ್ನು ಪಕ್ಕಕ್ಕೆ ಸರಿಸಿ, ‘ಆಫ್ ಮಾಡ್ಬುಡು. ಕೈ ಮುಗೀತೀನಿ’ ಅಂದರು.

ಮೈಸೂರಿನ ಹುಡುಗಿಗೆ ಫೋನ್ ಮಾಡಿ ಉತ್ಸಾಹದಿಂದ ಎಲ್ಲ ಹೇಳಿದೆ. ಅವಳು ಕೇಳಿದಳು: ‘ಸರ್, ಆ ಹಾಡು ಅವರಿಗೆ ಇಷ್ಟ ಇತ್ತಾ, ನಿಮಗೆ ಇಷ್ಟ ಇತ್ತಾ?’

ಐವತ್ತೆರಡು ವರ್ಷ ವಯಸ್ಸಿನ ನನಗೆ ಒಡಹುಟ್ಟಿದ ಅಕ್ಕನಿಗೆ ಯಾವ ಹಾಡು ಇಷ್ಟ ಅಂತ ಗೊತ್ತಿರಲಿಲ್ಲ. ಸಾವಿರ ಹಾಡಿನ ಇತಿಹಾಸ ಬಲ್ಲೆ. ನಿಮಗಾದರೂ ಗೊತ್ತೇ, ನಿಮ್ಮ ಅಕ್ಕನದು, ನಿಮ್ಮ ಅಮ್ಮನದು?

ಗೊತ್ತಿರಬಹುದಾದವರು ಒಬ್ಬರಿದ್ದರು. ಜಯಮ್ಮ. ನಮ್ಮೂರು ತೆರಕಣಾಂಬಿಯವರೇ, ಅಕ್ಕನ ಕ್ಲಾಸ್‌ಮೇಟ್. ಅಕ್ಕನೂ ಅವರೂ ದಿನಾ ಬಸ್ಸಿನ ಒಂದೇ ಸೀಟಿನಲ್ಲಿ ಕೂತು ಚಾಮರಾಜನಗರದ ಕಾಲೇಜಿಗೆ ಹೋಗುತ್ತಿದ್ದರು. ಮದುವೆಯಾಗಿ ಚಂದಕವಾಡಿಗೆ ಬಂದವರು, ಈಗ ಅಲ್ಲಿಯ ಸ್ಕೂಲಿನಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಮಾರನೇ ದಿನ ಸಂಜೆ ಬೈಕ್ ಹತ್ತಿದೆ.

ಜಯಮ್ಮ ಜಗಲಿಯಲ್ಲಿ ಕೂತು ಸೊಪ್ಪು ಸೋಸುತ್ತಿದ್ದರು. ನಡೆದದ್ದನ್ನೆಲ್ಲ ಕೇಳಿಸಿಕೊಂಡು, ‘ಯಾವ ಪದ ಹಾಕ್ದೆ?’ ಅಂದರು. (ನಮ್ಮ ಕಡೆ ಹಾಡಿಗೆ ಪದ ಅನ್ನುತ್ತಾರೆ.)

ಹೇಳಿದೆ. ಅವರ ಕೈ ನಿಂತಿತು.

‘ಅದನ್ನ ಹಾಕಿದ್ಯಾ? ನೀನಾ?’

‘ಯಾಕೆ ಜಯಮ್ಮ?’

‘ಗೊತ್ತಿಲ್ವಾ ನಿಂಗೆ?’

‘ಇಲ್ಲ’ ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ‘ಬಸ್ಸಿಗೆ ಕ್ಯಾಸೆಟ್ ತಂದು ಕೊಡ್ತಿದ್ದುದು ನೀನೇ ಅಲ್ವಾ?’

ನಾನೇ. ಆ ಪ್ರೈವೇಟ್ ಬಸ್ಸಿನಲ್ಲಿ ಟೇಪ್ ರೆಕಾರ್ಡರ್ ಇತ್ತು, ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್ ಬಾಕ್ಸ್. ಡ್ರೈವರ್ ಪಕ್ಕದ ಸೀಟು ನನ್ನದು. ಕ್ಯಾಸೆಟ್ ನನ್ನ ಸೆಲೆಕ್ಷನ್. ಹಿಂದಿನ ಸೀಟಿನಲ್ಲಿ ನನ್ನ ಗೆಳೆಯರು. ಹಾಡು ಚೆನ್ನಾಗಿದ್ದರೆ ಸಿಳ್ಳೆ ಹೊಡೆದು ‘ಇನ್ನೊಂದ್ಸಲ ಹಾಕ್ಸ್ಲಾ’ ಅನ್ನುತ್ತಿದ್ದರು. ಹದಿನೇಳು ವರ್ಷದ ಹುಡುಗನಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇದೆಯೇ?

‘ಆ ಪದದಲ್ಲಿ ಹೀರೋಯಿನ್ ಹೆಸ್ರು ಬತ್ತದಲ್ಲ, ಅಲ್ಲಿ ಹಿಂದಿನ್ ಸೀಟ್ ಐಕ್ಳು ಗೌರಿ ಗೌರಿ ಅಂತ ಸೇರ್ಸ್ಕಂಡು ಕೂಗೋರು. ದಿನಾ. ಮೊದ್ಮೊದ್ಲು ಬರೀ ಕೂಗೋರು. ಆಮೇಕೆ ಒಂದಿನ, ಅದ್ರಲ್ಲಿ ಒಬ್ಬ ಬಂದು ನಮ್ಮ ಹಿಂದ್ಗಡೆ ಸೀಟಲ್ಲೇ ಕೂತ. ಪದ ಸುರುವಾಯ್ತು. ಅವ್ಳ ಜಡೆ ಹಿಡ್ಕಂಡ. ಕೈಗೆ ಸುತ್ಕಂಡು ಎಳ್ದ. ಅವ್ಳ ಕುತ್ಗೆ ಹಿಂದುಕ್ಕೆ ಬಗ್ಬುಡ್ತು. ಪದ ಮುಗಿಯೋಗಂಟ ಬುಡ್ನಿಲ್ಲ ಕಣಪ್ಪ. ಎಲ್ರೂ ಕೈ ತಟ್ಟಿ ಹಾಡ್ತಾವ್ರೆ. ನಾ ಅವ್ನ ಕೈನ ಪರಚ್ದೆ. ಏನೂ ಆಗ್ನಿಲ್ಲ.’

ಜಯಮ್ಮ ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟರು.

‘ಅವ್ಳು ನಿನ್ನ ಕೂಗಿದ್ಲು. ನೀನು ತಿರುಗ್ದೆ. ನೋಡ್ದೆ. ಆಮೇಕೆ ಮುಂದುಕ್ಕೆ ತಿರುಗ್ಕಂಡು ಡ್ರೈವರ್‌ಗೆ ಏನೋ ಅಂದೆ. ಸೌಂಡ್ ಜಾಸ್ತಿ ಆಯ್ತು.’

ನೆನಪಿಲ್ಲ ಅಂತ ಇಲ್ಲಿ ಬರೆಯಬಹುದು. ಮೂವತ್ತೈದು ವರ್ಷದ ಹಿಂದಿನ ಮಾತು, ಯಾರು ವಿಚಾರಿಸುತ್ತಾರೆ? ಮೊದಲು ಜಯಮ್ಮನಿಗೂ ಹಾಗೇ ಹೇಳಿದ್ದೆನಲ್ಲ. ಆದರೆ ನೆನಪಿತ್ತು. ಅಕ್ಕನ ಕತ್ತು ಹಿಂದಕ್ಕೆ ಬಾಗಿದ್ದು ಕಂಡಿತ್ತು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆನೇ? ಇಲ್ಲ. ಎದ್ದು ಹೋದರೆ ನಾಳೆಯಿಂದ ನನ್ನ ಕ್ಯಾಸೆಟ್ಟಿಗೆ ಸಿಳ್ಳೆ ಬರುವುದಿಲ್ಲ ಅಂದುಕೊಂಡೆ. ಅಷ್ಟೇ. ‘ಅಣ್ಣ, ಸ್ವಲ್ಪ ಜಾಸ್ತಿ ಕೊಡಿ’ ಅಂದೆ. ಜಾಸ್ತಿ ಕೊಟ್ಟರು. ಅಕ್ಕನ ದನಿ ಕೇಳಿಸಲಿಲ್ಲ.

ಮುಂದಿನ ವಾರದಿಂದ ಅಕ್ಕ ಕಾಲೇಜಿಗೆ ಬರಲಿಲ್ಲ. ಹೊಟ್ಟೆನೋವು ಅಂದಳು. ಆಮೇಲೆ ಓದು ಬೇಡ ಅಂದಳು. ಅಕೌಂಟೆನ್ಸಿಯಲ್ಲಿ ಕ್ಲಾಸಿಗೇ ಫಸ್ಟ್ ಬರುತ್ತಿದ್ದವಳು. ಅಪ್ಪ ಯಾಕೆ ಅಂತ ನನ್ನನ್ನು ಕೇಳಿದಾಗ, ‘ಅವಳಿಗೆ ಓದು ಹತ್ತಲ್ಲ ಬುಡಪ್ಪ’ ಅಂದಿದ್ದೆ. ಆ ವರ್ಷವೇ ಮದುವೆಯಾಯಿತು. (ಮದುವೆಗೆ ಮೈಕ್ ಸೆಟ್ಟಿನವನಿಗೆ ಹಾಡಿನ ಪಟ್ಟಿ ಬರೆದುಕೊಟ್ಟವನು ಯಾರು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.)

ಎದ್ದು ಹೊರಟೆ. ಜಯಮ್ಮ ಬಿಡಲಿಲ್ಲ.

‘ಇನ್ನೊಂದ್ ಕೇಳು. ನೀನು ಪೇಪರ್‌ನಲ್ಲಿ ಬರ್ದಿದ್ದೆಯಲ್ಲ, ಆ ಬಸ್ಸಿನ ಇಸ್ಯ?’

ಬರೆದಿದ್ದೆ. ಇದೇ ಅಂಕಣದಲ್ಲಿ, ಮೂರು ವರ್ಷದ ಹಿಂದೆ. ನನ್ನ ಹರೆಯದ ಅತ್ಯಂತ ಸಂತೋಷದ ದಿನ, ಇಡೀ ಬಸ್ಸು ಒಂದೇ ದನಿಯಲ್ಲಿ ಹಾಡಿದ ದಿನ ಅಂತ. ನಿಮ್ಮಲ್ಲಿ ತುಂಬಾ ಜನ ಫೋನ್ ಮಾಡಿದಿರಿ. ಕಣ್ಣಲ್ಲಿ ನೀರು ಬಂತು ಅಂದಿರಿ. ನಮ್ಮ ಬಸ್ಸೂ ಹಾಗೇ ಇತ್ತು ಅಂದಿರಿ.

‘ಗೌರಿ ನಂಗೆ ಫೋನ್ ಮಾಡಿ ಅದನ್ನ ಪೂರ್ತಿ ಓದಿದ್ಲು.’

‘ಓದಿ ಏನಂದ್ಲು?’

‘ಏನಂತಾಳೆ? ಇಡೀ ಬಸ್ಸು ಹಾಡ್ತಂತೆ ಕಣೆ ಜಯ, ಅಂದ್ಲು. ಫೋನ್ ಮಡಗ್ಬುಟ್ಲು.’

ಬೈಕಿನ ಹತ್ತಿರ ಬಂದು, ಬಂದ ಕೆಲಸ ನೆನಪಾಗಿ, ಅಕ್ಕನಿಗೆ ಯಾವ ಹಾಡು ಇಷ್ಟವಿತ್ತು ಅಂತ ಕೇಳಿದೆ. ನಾಚಿಕೆಯಾಯಿತು.

‘ತಮಿಳ್ ಪದ’ ಅಂದರು ಜಯಮ್ಮ. ‘ಮನೇಲಿ ನೀನಿಲ್ದಾಗ ರೇಡಿಯೊ ಮುಳ್ಳ ಅತ್ಲಾಗಿ ತಿರುಗ್ಸಿ ಕೇಳೋಳು. ಕನ್ನಡದಲ್ಲಿ ಬರ್ಕೊಳ್ಳೋಳು. ಅಕೌಂಟ್ಸ್ ಪುಸ್ತಕದ ಹಿಂದ್ಗಡೆ ಹಾಳೆ ತುಂಬಾ ಅದೇ. ಬಸ್ಸಲ್ಲಿ ಇಬ್ರೂ ಮೆಲ್ಲಗೆ ಹೇಳ್ಕತಿದ್ದೊ. ನಿನ್ನ ಪದ ಸುರುವಾಗೋಗಂಟ.’

ಆಗ ನೆನಪಾಯಿತು. ಅರ್ಥವಾಗದ ಹಾಡು ಕೇಳುವವಳು ಅಂತ ನಾನು ಅವಳನ್ನು ಆಡಿಕೊಂಡು ನಗುತ್ತಿದ್ದೆ. ಟೇಸ್ಟ್ ಇಲ್ಲದವಳು ಅನ್ನುತ್ತಿದ್ದೆ. ಟೇಸ್ಟ್ ಅಂದರೆ ಏನು ಅಂತ ಆಗ ನನಗೆ ಬಹಳ ಖಚಿತವಾಗಿ ಗೊತ್ತಿತ್ತು.

ಮುಂದಿನ ಭಾನುವಾರ ಜಯಮ್ಮನನ್ನು ಗುಂಡ್ಲುಪೇಟೆಗೆ ಕರೆದುಕೊಂಡು ಹೋದೆ. ಅವರು ಒಳಗೆ ಹೋಗಿ ಅಕ್ಕನ ಪಕ್ಕ ಮಂಚದ ಮೇಲೇ ಕೂತರು. ಕೈ ಹಿಡಿದುಕೊಂಡು ಸಣ್ಣ ದನಿಯಲ್ಲಿ ಶುರು ಮಾಡಿದರು. ಅವರಿಗೂ ಅರ್ಧ ಮರೆತಿತ್ತು. ಎರಡನೇ ಸಾಲಿನಲ್ಲಿ ತಡವರಿಸಿದರು. ಆ ತಡವರಿಸಿದ ಜಾಗಕ್ಕೆ ಅಕ್ಕನ ಬಾಯಿಂದ ಒಂದು ಮಾತು ಬಂತು. ತಮಿಳು ಮಾತು. ಸ್ಪಷ್ಟವಾಗಿ, ರಾಗವಾಗಿ.

ಭಾವ ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದರು. ತುಂಬಾ ಹೊತ್ತು ತೊಳೆದರು.

ನಾನು ತಡೆಯಲಾರದೆ ಒಳಗೆ ಕಾಲಿಟ್ಟೆ. ಅಕ್ಕ ನನ್ನನ್ನು ನೋಡಿದಳು. ಹಾಡು ನಿಂತಿತು.

ಜಯಮ್ಮ ಕಣ್ಣಲ್ಲೇ ಸನ್ನೆ ಮಾಡಿದರು. ಹೊರಗೆ ಬಂದೆ. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಮತ್ತೆ ದನಿ ಬಂತು. ಆಮೇಲಿನ ಭಾನುವಾರಗಳೂ ಹೀಗೇ ಕಳೆದವು. ಜಯಮ್ಮನನ್ನು ಕರೆತರುವುದು, ಜಗಲಿಯಲ್ಲಿ ಕೂರುವುದು, ಸಂಜೆ ಕರೆದುಕೊಂಡು ಹೋಗಿ ಬಿಡುವುದು. ಅಕ್ಕ ಈಗ ಮೂರು ಹಾಡಿನ ಪಲ್ಲವಿ ಹೇಳುತ್ತಾಳಂತೆ. ‘ನೀರು’ ಅನ್ನುವುದನ್ನೂ ರಾಗದಲ್ಲಿ ಕೇಳುತ್ತಾಳಂತೆ. ನಾನು ಕೇಳಿಲ್ಲ. ಬಾಗಿಲಾಚೆಯಿಂದ ಕೇಳಿದ್ದು ಎಷ್ಟೋ ಅಷ್ಟೇ.

ಕಳೆದ ಭಾನುವಾರ ಜಯಮ್ಮನಿಗೆ ಜ್ವರ. ಒಬ್ಬನೇ ಹೋದೆ. ಅಕ್ಕನ ಹತ್ತಿರ ಮಾತಾಡಲು ಈಗ ಒಂದು ದಾರಿಯಿದೆ: ಅವಳ ಎಡಗೈ ಹಿಡಿದು ಕೇಳಬೇಕು. ಹೌದು ಅಂದರೆ ಒತ್ತುತ್ತಾಳೆ. ಇಲ್ಲ ಅಂದರೆ ಸುಮ್ಮನಿರುತ್ತಾಳೆ.

ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ನೋಡಿದ್ದೆ ಅಂದೆ. ಸೌಂಡ್ ಜಾಸ್ತಿ ಮಾಡಿಸಿದ್ದು ನಾನೇ ಅಂದೆ. ಅವಳು ಕಣ್ಣು ಮಿಟುಕಿಸದೆ ಕೇಳಿದಳು. ಕೈ ಹಿಡಿದು, ‘ನನ್ನ ಕ್ಷಮಿಸ್ತೀಯಾ ಅಕ್ಕ?’ ಅಂದೆ.

ಕಾದೆ. ಅವಳ ಬೆರಳು ಬೆಚ್ಚಗಿತ್ತು. ಒತ್ತಲಿಲ್ಲ. ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ ಕೇಳಿದೆ. ‘ನೀರು ಬೇಕಾ?’ ಅಂತಲೂ ಕೇಳಿದೆ. ಆಗ ಒತ್ತಿದಳು.

ನೀರು ಕುಡಿಸಿ ಹೊರಗೆ ಬಂದೆ. ಭಾವ ಜಗಲಿಯಲ್ಲಿದ್ದರು.

‘ಏನಂದ್ಲು?’

‘ಏನೂ ಅನ್ಲಿಲ್ಲ ಭಾವ. ಸುಮ್ನಿದ್ಲು.’

ಅವರು ನನ್ನ ಬೆನ್ನ ಮೇಲೆ ಕೈಯಿಟ್ಟರು. ಒಳ್ಳೆಯ ಮನುಷ್ಯ. ‘ಸುಮ್ನಿದ್ರೆ ಒಪ್ಕಂಡಂಗೇ ಬುಡು’ ಅಂದರು.

ನಾನೂ ತಲೆಯಾಡಿಸಿಬಿಟ್ಟೆ ನೋಡಿ!

ಮೌನವೇ ಸಮ್ಮತಿ ಅಂತ ಗಾದೆ ಕಟ್ಟಿದವನಿಗೂ ಒಬ್ಬಳು ಅಕ್ಕ ಇದ್ದಳೇ?