ಪಟ್ಟಿಯಣ್ಣ ನೋಡಿದ ರೀಲು

ಪಟ್ಟಿಯಣ್ಣನಿಗೆ ಲೋಕದಲ್ಲಿ ಯಾರ ಮೇಲೂ ನಂಬಿಕೆ ಇರಲಿಲ್ಲ. ಹಾಲಿನವನು ಬೇಗ ಬಂದರೆ ನೀರು ಬೆರೆಸಿ ಓಡಿ ಬಂದಿದ್ದಾನೆ ಎನ್ನುತ್ತಿದ್ದ. ತಡವಾಗಿ ಬಂದರೆ ಇಷ್ಟು ಹೊತ್ತೂ ಬೆರೆಸುತ್ತ ಕೂತಿದ್ದ ಎನ್ನುತ್ತಿದ್ದ. ಡಾಕ್ಟರು ನಿಮಗೇನೂ ಆಗಿಲ್ಲ ಎಂದರಂತೂ ಮುಗಿದೇ ಹೋಯಿತು, ಏನೋ ಮುಚ್ಚಿಡುತ್ತಿದ್ದಾರೆಂದು ವಾರವಿಡೀ ಹೆಂಡತಿಯ ತಲೆ ತಿನ್ನುತ್ತಿದ್ದ.

ಅವನು ನಂಬಿದ್ದು ತನ್ನೆರಡು ಕೈಗಳನ್ನು ಮಾತ್ರ. ಬಾಕ್ಸಿಂಗ್ ಅಖಾಡದಲ್ಲಿ ನಲವತ್ತು ವರ್ಷ ಆಟಗಾರರ ಕೈಗೆ ಬಟ್ಟೆಯ ಪಟ್ಟಿ ಸುತ್ತಿದವನು, ಅಡ್ಡಹೆಸರು ಬಂದದ್ದೂ ಅದರಿಂದಲೇ. ಸುತ್ತುವಾಗ ಆಟಗಾರ ಬೆರಳುಗಳನ್ನು ಅಗಲಿಸಿ ಹಿಡಿಯಬೇಕು. ಬೆರಳು ಕೂಡಿಕೊಂಡಿದ್ದಾಗ ಸುತ್ತಿಬಿಟ್ಟರೆ ಮುಷ್ಟಿ ಕಟ್ಟಿದೊಡನೆ ಪಟ್ಟಿ ಬಿಗಿದು ಕೈ ಮರಗಟ್ಟುತ್ತದೆ, ಮರಗಟ್ಟಿದ ಕೈಯಿಂದ ಹೊಡೆದರೆ ಮೂಳೆ ಉಳಿಯುವುದಿಲ್ಲ. ಅದಕ್ಕೇ ಅವನು ಪ್ರತಿ ಸುತ್ತಿಗೂ "ಬೆರಳು ಬಿಡ್ಸು" ಎನ್ನುತ್ತಿದ್ದ. ಮೈಮೇಲೆ ಚಾವಣಿ ಕುಸಿದರೂ ಆ ಕೈಯಿಂದ ಕಣ್ಣು ತೆಗೆಯುವವನಲ್ಲ ಎಂದು ಅಖಾಡದಲ್ಲೆಲ್ಲ ಹೆಸರಾಗಿತ್ತು.

ಆದರೂ ಮೂವತ್ತೊಂದು ವರ್ಷದ ಹಿಂದೆ ಅದೇ ಅಖಾಡದ ಚಾಂಪಿಯನ್‌ನ ಬಲಗೈ ಮೂಳೆ ಪಂದ್ಯದ ನಾಲ್ಕನೇ ಸುತ್ತಿನಲ್ಲಿ ಪುಡಿಯಾಯಿತು. ಅವನಿಗೆ ಆಗ ಇಪ್ಪತ್ತೇಳು. ಮತ್ತೆಂದೂ ರಿಂಗಿಗೆ ಇಳಿಯಲಿಲ್ಲ. ಪಟ್ಟಿ ಕಟ್ಟಿದವರಾರು ಎಂದು ಜನ ಪಿಸುಗುಟ್ಟತೊಡಗಿದಾಗ ಪಟ್ಟಿಯಣ್ಣ ಎಲ್ಲರಿಗೂ ಒಂದೇ ಮಾತು ಹೇಳಿದ: "ನಾನು ಕಟ್ಟಿದ್ದನ್ನ ಅವನೇ ಬಿಚ್ಚಿ ಮತ್ತೆ ಸುತ್ಕೊಂಡಿದಾನೆ. ಹೀರೋ ಅಲ್ವಾ, ಎಲ್ಲಾ ತನಗೇ ಗೊತ್ತು!" ಬಿಚ್ಚಿದ್ದನ್ನು ಅವನೇನೂ ಕಂಡಿರಲಿಲ್ಲ. ತನ್ನ ಕೈ ತಪ್ಪುವುದಿಲ್ಲ ಎಂದ ಮೇಲೆ ತಪ್ಪಿದವನು ಇನ್ನೊಬ್ಬನೇ ಆಗಿರಬೇಕಲ್ಲ! ಚಾಂಪಿಯನ್ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಇಬ್ಬರಿಗೂ ಮಾತು ನಿಂತುಹೋಯಿತು.

ಈಗ ಚಾಂಪಿಯನ್‌ನ ಬದುಕು ಸಿನಿಮಾ ಆಗುತ್ತಿತ್ತು. ನಿರ್ದೇಶಕಿ ಒಪ್ಪಿಗೆಪತ್ರ ಹಿಡಿದು ಮನೆಗೆ ಬಂದಳು.

"ಸರ್, ಕೊನೇ ಪಂದ್ಯದ ದಿನ ಯಾರೋ ತೆಗೆದ ಸಾಕ್ಷ್ಯಚಿತ್ರದ ರೀಲು ಸಿಕ್ಕಿದೆ. ಪಂದ್ಯ ಎಲ್ಲಾ ಅದ್ರಿಂದಾನೇ ಹಾಕ್ತೀವಿ. ನೀವು ಪಟ್ಟಿ ಕಟ್ಟೋದನ್ನ ಮಾತ್ರ ನಟರ ಕೈಲಿ ಮಾಡಿಸ್ತೀವಿ."

"ನಂದ್ಯಾಕೆ ಬೇಡ?"

"ಚಾಂಪಿಯನ್ ಸರ್ ಹಾಗೇ ಮಾಡಿ ಅಂದ್ರು. ರೀಲು ಇದ್ದಿದ್ದೂ ಅವರ ಹತ್ರಾನೇ. ಯಾಕೇಂತ ಹೇಳ್ಲಿಲ್ಲ."

ಪಟ್ಟಿಯಣ್ಣನ ಮೈ ಉರಿದುಹೋಯಿತು. "ನಂಗೊತ್ತು ಯಾಕೇಂತ. ಅದ್ರಲ್ಲಿ ನಿಜ ಇದೆ. ನಾನು ಸರಿಯಾಗಿ ಕಟ್ಟಿದ್ದು ಇದೆ. ಅದನ್ನ ಮುಚ್ಚಿಟ್ಟು ಬಣ್ಣ ಬಳ್ಕೊಂಡ ಯಾವನನ್ನೋ ಕೂರಿಸ್ತಾನೆ, ಆಮೇಲೆ ಜನರ ಕಿವಿ ಮೇಲೆ ಹೂ ಇಡ್ತಾನೆ. ನೋಡಮ್ಮ, ನನ್ನ ರೀಲು ಹಾಕಿದ್ರೆ ಸಹಿ, ಇಲ್ದಿದ್ರೆ ಇಲ್ಲ!"

"ಹೋಗ್ಲಿ ಬಿಡ್ರೀ, ಯಾವ ಕಾಲದ್ದು," ಎಂದಳು ಹೆಂಡತಿ. ಅವಳೂ ಆ ಕಡೆ ಸೇರಿದ್ದಾಳೋ ಎಂಬಂತೆ ಅವನು ದುರುಗುಟ್ಟಿ ನೋಡಿದ.

ಮರುದಿನ ಎಡಿಟಿಂಗ್ ಕೋಣೆಗೆ ಹೋದ. ಕಿಟಕಿಯಿಲ್ಲದ ಕೋಣೆ, ಎರಡು ಕುರ್ಚಿ, ಗೋಡೆ ತುಂಬ ವೈರು. ಕುರ್ಚಿಯನ್ನೂ ಒಮ್ಮೆ ಅಲ್ಲಾಡಿಸಿ ನೋಡಿಯೇ ಕುಳಿತ. ಪರದೆಯ ಮೇಲೆ ತಲೆತುಂಬ ಕೂದಲಿದ್ದ ಪಟ್ಟಿಯಣ್ಣ ಚಾಂಪಿಯನ್‌ನ ಬಲಗೈ ಹಿಡಿದು ಸುತ್ತುತ್ತಿದ್ದ. ಒಂದು ಸುತ್ತು, ಎರಡು ಸುತ್ತು. "ಬೆರಳು ಬಿಡ್ಸು" ಎಂಬ ದನಿ ಕೇಳಿತು. ಈ ಪಟ್ಟಿಯಣ್ಣ ಹೆಮ್ಮೆಯಿಂದ ಬೀಗಿದ.

ಆಗ ಪರದೆಯ ಪಟ್ಟಿಯಣ್ಣ ತಲೆಯೆತ್ತಿ ಕ್ಯಾಮೆರಾ ನೋಡಿದ. ನಕ್ಕ. ಕೂದಲು ಸರಿಮಾಡಿಕೊಂಡು ಮತ್ತೆ ನಕ್ಕ. ಅಷ್ಟರಲ್ಲಿ ಚಾಂಪಿಯನ್‌ನ ಬೆರಳುಗಳು ಮೆಲ್ಲಗೆ ಕೂಡಿಕೊಂಡವು. ಪಟ್ಟಿಯಣ್ಣನ ಕೈ ಮಾತ್ರ ತನ್ನ ಪಾಡಿಗೆ ಸುತ್ತುತ್ತ ಹೋಯಿತು. ಮೂರು ಸುತ್ತು, ನಾಲ್ಕು, ಐದು. ಗಂಟು ಬಿತ್ತು. ಒಡನೆಯೇ ಗ್ಲೌಸು ತೊಡಿಸಿದರು. ಬಿಚ್ಚಲು ಚಾಂಪಿಯನ್‌ಗೆ ಪುರಸೊತ್ತೇ ಇರಲಿಲ್ಲ.

"ಎಷ್ಟು ಚೆನ್ನಾಗಿ ನಗ್ತಿದೀರಿ ಸರ್! ಸುಮ್ನೆ ಅಲ್ಲ ನೀವು ಹಟ ಹಿಡಿದಿದ್ದು," ಎಂದಳು ನಿರ್ದೇಶಕಿ. ಅವಳಿಗೆ ಕಂಡದ್ದು ನಗು ಮಾತ್ರ.

ಪಟ್ಟಿಯಣ್ಣ ಪರದೆಗೆ ಇನ್ನಷ್ಟು ಹತ್ತಿರ ಬಾಗಿದ. ಕ್ಯಾಮೆರಾ ಇಲ್ಲದಿದ್ದರೆ ತಾನು ತಲೆಯೆತ್ತುತ್ತಿರಲಿಲ್ಲ. ಕ್ಯಾಮೆರಾ ಇಲ್ಲದಿದ್ದರೆ ಇದು ತಿಳಿಯುತ್ತಲೂ ಇರಲಿಲ್ಲ. ಇದನ್ನು ಓದಬಲ್ಲವರು ಇಬ್ಬರೇ, ಒಬ್ಬ ತಾನು. ಇನ್ನೊಬ್ಬ ಈ ರೀಲನ್ನು ಮನೆಯಲ್ಲೇ ಇಟ್ಟುಕೊಂಡು, ಊರೆಲ್ಲ ಅವನನ್ನೇ ಆಡಿಕೊಳ್ಳುವಾಗಲೂ ಬಾಯಿ ಬಿಡದೆ ಇದ್ದ. ನಾಚಿಕೆಯಿಂದ ಪಟ್ಟಿಯಣ್ಣನಿಗೆ ಕೂರಲಾಗಲಿಲ್ಲ.

"ನಟರನ್ನ ನೋಡ್ತೀರಾ?" ಎಂದು ಅವಳು ಆ ದೃಶ್ಯವನ್ನೂ ಹಾಕಿದಳು. ಬಣ್ಣ ಬಳಿದುಕೊಂಡವನು ತಲೆ ತಗ್ಗಿಸಿ, ಅಗಲಿಸಿದ ಬೆರಳುಗಳಿಗೆ ಒಂದಿಷ್ಟೂ ತಪ್ಪಿಲ್ಲದೆ ಸುತ್ತಿದ. "ಹೀಗೇ ಕೂರ್ಬೇಕು, ಹೀಗೇ ಸುತ್ಬೇಕು ಅಂತ ಚಾಂಪಿಯನ್ ಸರ್ ಎರಡು ದಿನ ಪಕ್ಕದಲ್ಲೇ ನಿಂತು ಕಲಿಸಿದ್ರು. ಯಾವುದು ಹಾಕ್ಲಿ ಸರ್?"

ಸುಮ್ಮನೆ ಎದ್ದು ಬಂದಿದ್ದರೆ ಆಗುತ್ತಿತ್ತು. ಹೆಸರು ಉಳಿಯುತ್ತಿತ್ತು.

"ನನ್ನದೇ ಹಾಕಮ್ಮ," ಎಂದು ಸಹಿ ಮಾಡಿದ. "ಅದರ ಕೆಳಗೆ ಬರೀರಿ, ಪಟ್ಟಿಯಣ್ಣ ತಪ್ಪಾಗಿ ಕಟ್ಟಿದಾನೆ ಅಂತ. ಚಾಂಪಿಯನ್ ನಂಬರು ಇದ್ರೆ ಒಂದು ಫೋನ್ ಹಚ್ಚಿಕೊಡ್ತೀರಾ?"

ಆ ಕಡೆ ಚಾಂಪಿಯನ್ ಎತ್ತಿಕೊಂಡ. ಹೇಳಬೇಕೆಂದು ಕೂಡಿಸಿಕೊಂಡಿದ್ದ ಮಾತನ್ನೆಲ್ಲ ಬಿಟ್ಟು ಪಟ್ಟಿಯಣ್ಣ ಕೇಳಿದ:

"ಕೈ ಹೇಗಿದೆಯೋ?"



"ಅಂಗಿ ಗುಂಡಿ ಹಾಕ್ಕೊಳಕ್ಕೆ ಆಗಲ್ಲ ಅಣ್ಣ," ಎಂದ ಚಾಂಪಿಯನ್. "ಮಿಕ್ಕಿದ್ದೆಲ್ಲ ಆಗತ್ತೆ."